ಪೆನ್‌ಡ್ರೈವ್‌ಗೆ ಯಾವ ಹಾಡು ಹಾಕಲಿ?

ಹಾವೇರಿಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ಮೊದಲು ಕ್ಯಾಸೆಟ್ ಅಂಗಡಿ ಆಗಿತ್ತು. ಈಗಲೂ ಟ್ರ್ಯಾಕ್ಟರ್‌ನವರು, ಕಾರಿನವರು ಪೆನ್‌ಡ್ರೈವ್ ಹಿಡಿದು ಬಂದು, "ಅಣ್ಣಾರ, ಏನರ ಛಲೋ ಹಾಡು ಹಾಕ್ರಿ" ಅನ್ನುತ್ತಾರೆ.

"ಎಂಥ ಹಾಡು ಇಷ್ಟ?" ಅಂತ ಮಾತ್ರ ಕೇಳಬೇಡಿ. "ಎಲ್ಲಾ ಕೇಳ್ತೀನ್ರಿ" ಅಂತಲೇ ಉತ್ತರ ಬರೋದು. ಈಚೆಗೆ ಮತ್ತೆ ಮತ್ತೆ ಹಾಕಿ ಕೇಳಿದ ಹಾಡು ಯಾವುದು, ಅದರಲ್ಲಿ ಯಾವ ಜಾಗ ಬಂದಾಗ ಸೌಂಡ್ ಜಾಸ್ತಿ ಮಾಡ್ತೀರಿ ಅಂತ ಕೇಳಿ. ಒಬ್ಬರು ಹಾಡಿನ ಮಾತಿಗೆ ಮರುಳಾಗಿರುತ್ತಾರೆ, ಒಬ್ಬರು ದನಿಗೆ, ಇನ್ನೊಬ್ಬರು ತಾಳಕ್ಕೆ. ಅದನ್ನು ಹಾಗೇ ಉಳಿಸಿಕೊಂಡು ಬೇರೆಯದನ್ನು ಬದಲಿಸಿ.

ಮಾತಿನವರಿಗೆ ನಮ್ಮ ಜಿಲ್ಲೆಯಲ್ಲೇ ದಾರಿ ಇದೆ. ಸಿ. ಅಶ್ವತ್ಥ್ ಹಾಡಿದ 'ಕೋಡಗನ ಕೋಳಿ ನುಂಗಿತ್ತಾ' ಇಷ್ಟಪಡುವವರಿಗೆ ರಘು ದೀಕ್ಷಿತ್ ಅವರ 'ಗುಡುಗುಡಿಯಾ ಸೇದಿ ನೋಡೋ' ಕೊಡಿ. ಗಿಟಾರು, ಡ್ರಮ್ಸು ಬಂದವು ನಿಜ, ಪದ ಮಾತ್ರ ಅದೇ ನಮ್ಮ ಜಿಲ್ಲೆಯ ಶಿಶುನಾಳ ಷರೀಫಜ್ಜನದು. ರಾಕ್ ಕೇಳುವ ಕಾಲೇಜು ಹುಡುಗರನ್ನು ಇದೇ ದಾರಿಯಲ್ಲಿ ವಾಪಸ್ ಕರೆದುಕೊಂಡು ಬರಬಹುದು.

ದನಿಯವರು ಸುಲಭ. ಭೀಮಸೇನ ಜೋಶಿಯವರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕೇಳಿಯೇ ಇರುತ್ತಾರೆ. ಮುಂದೆ ಮಲ್ಲಿಕಾರ್ಜುನ ಮನ್ಸೂರರ 'ಅಕ್ಕ ಕೇಳವ್ವಾ' ವಚನ ಕೊಡಿ. ಮೊದಲ ಸಲವೇ ರಾಗವನ್ನು ನಿಧಾನಕ್ಕೆ ಬೆಳೆಸುತ್ತಾ ಹೋಗುವ ಒಂದು ಗಂಟೆಯ ಹಿಂದೂಸ್ತಾನಿ ಖಯಾಲ್ ಬೇಡ.

ನನಗೆ ತುಂಬಾ ಖುಷಿ ಕೊಡುವವರು ತಾಳದವರು. ಮೃದಂಗ ಕಲಿಯುವ ಹುಡುಗಿಯೊಬ್ಬಳು "ಇಂಗ್ಲಿಷ್ ಹಾಡು ತಿಳಿಯಂಗಿಲ್ಲ ಅಣ್ಣ" ಅಂದಳು. ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್' ಹಾಕಿ ಕೊಟ್ಟೆ. 1959ರ ಅಮೆರಿಕದ ಜಾಝ್ ಸಂಗೀತ, ಮಾತೇ ಇಲ್ಲ. ಐದು ಎಣಿಕೆಯ ತಾಳ. ಅವಳು ಕಲಿಯುವ ಐದೆಣಿಕೆಯ ಖಂಡ ಚಾಪು ತಾಳ 'ತಕ ತಕಿಟ' (ಎರಡು, ಮೂರು) ಆದರೆ ಇದು ಬಹುಮಟ್ಟಿಗೆ 'ತಕಿಟ ತಕ' (ಮೂರು, ಎರಡು). ನಡುವೆ ಡ್ರಮ್ಸ್‌ನವನು ತನ್ನ ಪಾಡಿಗೆ ಬಾರಿಸುತ್ತಾ ಹೋಗುತ್ತಾನೆ, ಪಿಯಾನೋ ಮಾತ್ರ ಅದೇ ಐದನ್ನು ಬಿಡದೆ ನುಡಿಸುತ್ತಿರುತ್ತದೆ. "ಅಲ್ಲಿ ಕೈಯಲ್ಲಿ ತಾಳ ಹಾಕಿ ನೋಡವ್ವಾ" ಅಂದೆ. ಅಂಗಡಿ ಮುಂದೆ ನಿಂತೇ ಹಾಕಿದಳು, ಒಂದು ಕಡೆಯೂ ತಪ್ಪಲಿಲ್ಲ. ಹೊಸ ಹಾಡು ಕೊಡುವಾಗ ಹೀಗೆ ಕಿವಿ ಎಲ್ಲಿಡಬೇಕು ಅಂತ ಹೇಳಿಬಿಡಿ. ಸುಮ್ನೆ "ಸೂಪರ್ ಹಾಡು" ಅಂದರೆ ಯಾರೂ ಕೇಳುವುದಿಲ್ಲ.

ಎಲ್ಲಿ ಕೇಳುತ್ತಾರೆ ಅನ್ನುವುದೂ ಮುಖ್ಯ. ಟ್ರ್ಯಾಕ್ಟರ್ ಇಂಜಿನ್ ಸದ್ದಿನಲ್ಲಿ ಭಾವಗೀತೆಯ ಕೊಳಲು ಕೇಳುತ್ತದೆಯೇ? ಅಲ್ಲಿಗೆ ಡೊಳ್ಳಿನ ಪದ, ಡಿಜೆ ಜಾನಪದವೇ ಸರಿ. ರಾತ್ರಿ ಕಾರು ಓಡಿಸುವವರಿಗೆ ನಿಧಾನದ ಗಜಲ್ ತುಂಬಬೇಡಿ, ನಿದ್ದೆ ಬಂದೀತು.

ಒಮ್ಮೆಗೆ ಒಂದೇ ಹೊಸ ಹಾಡು. ಫೈಲಿನ ಹೆಸರಿನ ಮುಂದೆ 01, 02 ಅಂತ ನಂಬರ್ ಹಾಕಿ, ಹೊಸದನ್ನು ಮೂರನೆಯದಾಗಿ ಇಡಿ, ಅದರ ಹಿಂದೆ ಮುಂದೆ ಅವರಿಗೆ ಗೊತ್ತಿರುವ ಹಾಡೇ ಇರಲಿ. ಮುಂದಿನ ಸಲ ಬಂದಾಗ "ಆ ಮೂರನೇದು ಯಾರು ಹಾಡ್ಯಾರ್ರಿ?" ಅಂತ ಕೇಳಿದರೆ, ಅವರದೇ ಇನ್ನೊಂದು ಹಾಕಿ ಕೊಡಿ. ಕೇಳದಿದ್ದರೆ ಅಳಿಸಿ ಬೇರೆಯದು ಹಾಕಿ.