ಇಂಟರ್ನಲ್ಸ್ ವಾರದಲ್ಲೂ ನಿಲ್ಲದ ಕೊಳಲು: 36 ನಿಮಿಷದ ಲೆಕ್ಕ

ಇಂಜಿನಿಯರಿಂಗ್ ಓದ್ತಾ ಕೊಳಲು ಕಲಿಯೋಕೆ ಆಗಲ್ಲ ಅಂದವರ ಪಟ್ಟಿ ಉದ್ದ ಇದೆ. ರೂಮ್‌ಮೇಟು, ಸೀನಿಯರುಗಳು, ಊರಲ್ಲಿ ಚಿಕ್ಕಪ್ಪ. ಈಗ ಆರನೇ ಸೆಮ್ ರಿಸಲ್ಟ್ ಬಂದಿದೆ. ಬ್ಯಾಕ್ (ಫೇಲಾಗಿ ಮತ್ತೆ ಬರೆಯಬೇಕಾದ ವಿಷಯ) ಒಂದೂ ಇಲ್ಲ, ಸಿಜಿಪಿಎ ಎಂಟರ ಆಸುಪಾಸು, ಸಂಗೀತದ ಜೂನಿಯರ್ ಪರೀಕ್ಷೆ ಫಸ್ಟ್ ಕ್ಲಾಸಲ್ಲಿ ಪಾಸು. ಹೇಗೆ ಮಾಡಿದೆ ಅಂತ ಈಗ ಅವರೇ ಕೇಳೋದರಿಂದ ಒಂದು ಕಡೆ ಬರೆದಿಡ್ತಿದ್ದೀನಿ. ಇಸಿ (ಎಲೆಕ್ಟ್ರಾನಿಕ್ಸ್) ಬ್ರಾಂಚು, ಹಾಸ್ಟೆಲ್ ವಾಸ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದ್ಧತಿ. ಮಾಡ್ಯೂಲ್ ಅಂದರೆ ಒಂದು ವಿಷಯದ ಐದು ಭಾಗಗಳಲ್ಲಿ ಒಂದು, ಇಂಟರ್ನಲ್ಸ್ ಅಂದರೆ ಸೆಮ್ ನಡುವೆ ಕಾಲೇಜೇ ನಡೆಸೋ ಪರೀಕ್ಷೆ, ಎಕ್ಸ್‌ಟರ್ನಲ್ ಅಂದರೆ ಸೆಮ್ ಕೊನೆಗೆ ವಿಶ್ವವಿದ್ಯಾಲಯ ನಡೆಸೋದು, ಜಂಟಿ ವರಸೆ ಅಂದರೆ ಪ್ರತಿ ಸ್ವರವನ್ನ ಎರಡೆರಡು ಸಲ ನುಡಿಸೋ ಪಾಠ.

ಮೊದಲು ಕೈಕೊಟ್ಟ ದಾರಿಗಳು, ಯಾಕಂದರೆ ಹೆಚ್ಚಿನವರು ಇನ್ನೂ ಅವುಗಳಲ್ಲೇ ಸಿಕ್ಕಿಕೊಂಡಿದ್ದಾರೆ. ಗಂಟೆ ಗಂಟೆಯ ಟೈಮ್‌ಟೇಬಲ್ ಗೋಡೆಗೆ ಅಂಟಿಸೋದು ಎರಡು ವಾರ ನಡೆಯುತ್ತೆ, ಆಮೇಲೆ ಬೀಳುತ್ತೆ. ಕಾರಣ ಲ್ಯಾಬು. ಲ್ಯಾಬ್ ಇರೋ ದಿನ ರೆಕಾರ್ಡ್, ಆಬ್ಸರ್ವೇಶನ್ ಎಲ್ಲ ಸೇರಿ ಸಂಜೆ ಪೂರ್ತಿ ಹೋಗುತ್ತೆ, ಆ ದಿನದ ಮೂರು ಖಾನೆ ಖಾಲಿ. ಅದನ್ನ ಮಾರನೇ ದಿನಕ್ಕೆ ತಳ್ಳಿದರೆ ಮಾರನೇ ದಿನದ್ದೂ ಕೆಡುತ್ತೆ. ವಾರದ ದಿನಗಳಲ್ಲಿ ಓದು, ಭಾನುವಾರ ಮೂರು ಗಂಟೆ ಕೊಳಲು ಅನ್ನೋ ಹಂಚಿಕೆಯೂ ನಿಲ್ಲಲ್ಲ. ತುಟಿ ಸುಮಾರು ನಲವತ್ತು ನಿಮಿಷಕ್ಕೆ ಸೋಲುತ್ತೆ. ಆಮೇಲೆ ನಾದದಲ್ಲಿ ಗಾಳಿ ಸೇರುತ್ತೆ, ಅದನ್ನ ಮುಚ್ಚೋಕೆ ಜೋರಾಗಿ ಊದ್ತೀರಿ, ತಲೆ ತಿರುಗುತ್ತೆ. ಉಳಿದ ಎರಡು ಗಂಟೆಯಲ್ಲಿ ಅಭ್ಯಾಸ ಆಗೋದು ಆ ಕೆಟ್ಟ ನಾದವೇ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನೋ ಪೊಮೊಡೊರೊ ಕೂಡ ನಮ್ಮ ಸಿಲಬಸ್ಸಿಗೆ ಹೊಂದಲ್ಲ. ಕಂಟ್ರೋಲ್ ಸಿಸ್ಟಮ್ಸ್ ವಿಷಯದ ಉದ್ದ ಲೆಕ್ಕವಾದ ರೂಟ್ ಲೋಕಸ್‌ನಲ್ಲಿ ಬ್ರೇಕ್‌ಅವೇ ಪಾಯಿಂಟ್ ಸಿಗೋ ಹೊತ್ತಿಗೆ ಗಂಟೆ ಬಾರಿಸುತ್ತೆ.

ಎಲ್ಲಕ್ಕಿಂತ ದುಬಾರಿ ದಾರಿ, ಎಲ್ಲರೂ ಕೊಡೋ ಸಲಹೆಯೇ: ಪರೀಕ್ಷೆಗೆ ಒಂದು ತಿಂಗಳಿದ್ದಾಗ ಹವ್ಯಾಸ ನಿಲ್ಲಿಸು. ಹಾಗೆ ಉಳಿದ ಮುಕ್ಕಾಲು ಗಂಟೆ ಪುಸ್ತಕಕ್ಕೆ ಹೋಗಲ್ಲ, ಮೊಬೈಲಿಗೆ ಹೋಗುತ್ತೆ. ಇತ್ತ ತುಟಿ ಹತ್ತು ದಿನದಲ್ಲೇ ಹದ ಬಿಡುತ್ತೆ, ತಾರಸ್ಥಾಯಿ (ಮೇಲಿನ ಸ್ವರಗಳು) ಒಡೆಯೋಕೆ ಶುರುವಾಗುತ್ತೆ. ಒಂದು ತಿಂಗಳು ಬಿಟ್ಟರೆ ಮೊದಲಿನ ಹದಕ್ಕೆ ಬರೋಕೆ ಇನ್ನೊಂದು ತಿಂಗಳಾದರೂ ಬೇಕು. ಅಷ್ಟರಲ್ಲಿ ಮುಂದಿನ ಸೆಮ್‌ನ ಮೊದಲ ಇಂಟರ್ನಲ್ಸ್ ಬಂದಿರುತ್ತೆ, ಮತ್ತೆ ನಿಲ್ಲಿಸ್ತೀರಿ. ಎರಡು ವರ್ಷದಲ್ಲಿ ಕೊಳಲು ಕಪಾಟು ಸೇರೋದು ಹೀಗೇ.

ಕೆಲಸ ಮಾಡಿದ್ದು ಒಂದೇ ಲೆಕ್ಕ. ಎಕ್ಸ್‌ಟರ್ನಲ್ 100 ಅಂಕಕ್ಕೆ 180 ನಿಮಿಷ, ಅಂದರೆ ಅಂಕಕ್ಕೆ 1.8 ನಿಮಿಷ. ಮಾಡ್ಯೂಲಿಗೆ ಒಂದು ಪೂರ್ಣ ಪ್ರಶ್ನೆ, 20 ಅಂಕ, 36 ನಿಮಿಷ. ತುಟಿ ಸೋಲೋದೂ ಸುಮಾರು ಅಷ್ಟೇ ಹೊತ್ತಿಗೆ. ಹಾಗಾಗಿ ಗಂಟೆ ಲೆಕ್ಕ ಬಿಟ್ಟು ಎಲ್ಲವನ್ನೂ 36 ನಿಮಿಷದ ತುಂಡಿನಲ್ಲಿ ಅಳೆಯೋಕೆ ಶುರು ಮಾಡಿದೆ. ನಾನು ಅದಕ್ಕೆ ‘ಪ್ರಶ್ನೆ’ ಅಂತಲೇ ಕರೀತೀನಿ: ಇವತ್ತು ಎರಡು ಪ್ರಶ್ನೆ ಓದು, ಒಂದು ಪ್ರಶ್ನೆ ಕೊಳಲು. ಮಾಮೂಲಿ ವಾರಕ್ಕೆ ಓದು ಹದಿನಾಲ್ಕು, ಕೊಳಲು ಆರು, ಬೇರೆ ಎಲ್ಲಕ್ಕೂ ಸೇರಿ ಎರಡೋ ಮೂರೋ. ಯಾವ ದಿನ ಎಷ್ಟು ಅಂತ ನಿಗದಿ ಇಲ್ಲ. ಲ್ಯಾಬ್ ದಿನ ಓದು ಸೊನ್ನೆ ಆದರೂ ಪರವಾಗಿಲ್ಲ, ಭಾನುವಾರ ರಾತ್ರಿ ವಾರದ ಮೊತ್ತ ಮಾತ್ರ ನೋಡೋದು. ಹಳೇ ರಫ್ ಬುಕ್ಕಿನ ಕೊನೇ ಪುಟದಲ್ಲಿ ಗೀಟು ಹಾಕಿದರೆ ಸಾಕು. ಆ್ಯಪ್ ಬೇಡ, ಆ್ಯಪ್ ತೆರೆದರೆ ಪಕ್ಕದ ಆ್ಯಪೂ ತೆರೆಯುತ್ತೆ.

ಇನ್ನು ಮುಖ್ಯ ನಿಯಮ. ಇಂಟರ್ನಲ್ಸ್ ಬಂದಾಗ ಕೊಳಲಿನ ಸಂಖ್ಯೆ ಕಡಿಮೆ ಮಾಡಬಾರದು, ಉದ್ದ ಕಡಿಮೆ ಮಾಡಬೇಕು. 36 ನಿಮಿಷ ಮೂರರಲ್ಲಿ ಒಂದು ಪಾಲಾಗಿ 12 ಆಗುತ್ತೆ, ಆದರೆ ವಾರಕ್ಕೆ ಆರು ಸಲ ಅನ್ನೋದು ಹಾಗೇ. ಎಕ್ಸ್‌ಟರ್ನಲ್ ನಡೆಯೋ ದಿನಗಳಲ್ಲೂ ಅದೇ 12. ಒಟ್ಟು ವಾರಕ್ಕೆ ಹೋಗೋದು 72 ನಿಮಿಷ. ಇಷ್ಟರಿಂದ ಯಾರಿಗೂ ಬ್ಯಾಕ್ ಬರಲ್ಲ.

36 ನಿಮಿಷದಲ್ಲಿ ಏನು: ಮೊದಲ ಎಂಟು ನಿಮಿಷ ತಂಬೂರಿ ಆ್ಯಪ್ ಹಾಕಿ ದೀರ್ಘ ಸ್ವರ, ಒಂದು ಉಸಿರಿಗೆ ಒಂದು ಸ್ವರ, ಹತ್ತು ಹನ್ನೆರಡು ಸೆಕೆಂಡು ನಿಲ್ಲಬೇಕು. ಮುಂದಿನ ಹತ್ತು ನಿಮಿಷ ಜಂಟಿ ಅಥವಾ ಸಪ್ತತಾಳದ ಅಲಂಕಾರ ಮೂರು ಕಾಲದಲ್ಲಿ, ಅಂದರೆ ಪ್ರತಿ ಸಲ ವೇಗ ದುಪ್ಪಟ್ಟು ಮಾಡ್ತಾ. ಮೆಟ್ರೊನೋಮ್ 60ಕ್ಕೆ ಇಟ್ಟರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ. ಬೆರಳು ಎತ್ತೋದು ಒಂದೇ ಸಮ ಆಗದೆ ನಡುವೆ ‘ಕಿಚ್’ ಅಂತ ಬೇರೆ ಸ್ವರ ಇಣುಕಿದರೆ 50ಕ್ಕೆ ಇಳಿಸಿ. ಆಮೇಲೆ ಹನ್ನೆರಡು ನಿಮಿಷ ಆ ವಾರದ ಪಾಠ, ಗೀತೆಯೋ ವರ್ಣವೋ. ಉಳಿದದ್ದು ಮನಸ್ಸಿಗೆ ಬಂದದ್ದು. 12 ನಿಮಿಷದ ರೂಪದಲ್ಲಿ ದೀರ್ಘ ಸ್ವರ ನಾಲ್ಕು, ಜಂಟಿ ಎರಡು ಕಾಲದಲ್ಲಿ ನಾಲ್ಕು, ಮೊದಲೇ ಬರೋ ಗೀತೆ ನಾಲ್ಕು ನಿಮಿಷ. ಪರೀಕ್ಷೆ ವಾರದಲ್ಲಿ ಹೊಸ ಪಾಠ ಮುಟ್ಟಲೇಬೇಡಿ. ಅರ್ಧ ಬಂದ ವರ್ಣ ಓದುವಾಗಲೂ ತಲೆಯಲ್ಲಿ ಸುತ್ತುತ್ತೆ. ಮೇಷ್ಟ್ರಿಗೆ ಮೊದಲೇ ಹೇಳಿಟ್ಟರೆ ಆ ಎರಡು ವಾರ ಹಳೇ ಪಾಠವನ್ನೇ ಕೇಳ್ತಾರೆ.

ಜಾಗದ ಬಗ್ಗೆ ಯಾರೂ ಹೇಳಲ್ಲ, ಆದರೆ ಅರ್ಧ ಕೆಲಸ ಅಲ್ಲೇ ಇರೋದು. ಕಾಲೇಜು ಮುಗಿದ ಮೇಲೆ ರೂಮಿಗೆ ಹೋಗದೆ ನೇರ ಟೆರೇಸಿಗೆ, ನೀರಿನ ಟ್ಯಾಂಕ್ ಹಿಂದೆ. ಒಂದು ಸಲ ಮಂಚ ಕಂಡರೆ ಆ ದಿನದ ಕೊಳಲು ಹೋಯ್ತು ಅಂತಲೇ. ವಾರ್ಡನ್ ಹತ್ತಿರ ಸಂಜೆ ಐದರಿಂದ ಆರೂವರೆ ಅಂತ ಸಮಯ ಹೇಳಿ ಒಪ್ಪಿಗೆ ಪಡೆಯಿರಿ. ಬೆಳಿಗ್ಗೆ ಐದೂವರೆಗೆ ಊದಿದರೆ ಇಡೀ ಬ್ಲಾಕ್ ಶತ್ರು. ರಾತ್ರಿ ಊದದೆ ಬರೀ ಬೆರಳು ಆಡಿಸಿ ಸ್ವರ ಮನಸ್ಸಲ್ಲೇ ಹಾಡಿಕೊಳ್ಳಬಹುದು, ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ. ಕೊಳಲಿನ ಸದ್ದು ಅಡಗಿಸೋಕೆ ತುದಿಗೆ ಹತ್ತಿ ತುರುಕಿ ನೋಡಿದ್ದೀನಿ, ಉಪಯೋಗ ಇಲ್ಲ. ನಾದ ಹೊರಗೆ ಬರೋದು ಊದುವ ರಂಧ್ರದಿಂದ ಮತ್ತು ಮೊದಲು ತೆರೆದಿರೋ ರಂಧ್ರಗಳಿಂದ, ತುದಿಯಿಂದ ಬರೋದು ಬಹಳ ಕಡಿಮೆ.

ಓದಿನ ಕಡೆ: ಅವತ್ತಿನ ಪಾಠ ಅವತ್ತೇ ಒಂದು ಖಾಲಿ ಹಾಳೆಯ ಒಂದೇ ಬದಿಗೆ. ಡೆರಿವೇಶನ್‌ನ ಹೆಜ್ಜೆಗಳ ತಲೆಬರಹ ಮಾತ್ರ, ಮತ್ತೆ ಒಂದು ಲೆಕ್ಕ ನೋಟ್ಸ್ ಮುಚ್ಚಿ ಮಾಡಬೇಕು. ಬರದಿದ್ದರೆ ಎಲ್ಲಿ ನಿಂತಿತೋ ಅಲ್ಲಿ ಕೆಂಪು ಗೆರೆ. ಇಂಟರ್ನಲ್ಸ್‌ಗೆ ಓದೋದು ಈ ಕೆಂಪು ಗೆರೆಗಳನ್ನ ಮಾತ್ರ. ಆಮೇಲೆ ಹಳೇ ಪ್ರಶ್ನೆಪತ್ರಿಕೆ ಐದು ಸಾಕು. ಐದು ಮಾಡ್ಯೂಲಿಗೆ ಐದು ಕಾಲಂ ಹಾಕಿ ಯಾವ ಪ್ರಶ್ನೆ ಎಲ್ಲಿ ಬಂತು ಅಂತ ತುಂಬಿ. ಪ್ರತಿ ಮಾಡ್ಯೂಲಿಂದ ಉತ್ತರಿಸಲೇಬೇಕಾದ್ದರಿಂದ ಇಡೀ ಮಾಡ್ಯೂಲ್ ಬಿಡೋದು 20 ಅಂಕ ಬಿಟ್ಟ ಹಾಗೆ, ಆದರೆ ಎರಡು ಪ್ರಶ್ನೆಯಲ್ಲಿ ಒಂದನ್ನ ಆರಿಸಬಹುದು. ಆ ಆಯ್ಕೆ ಮಾಡೋ ಸೂತ್ರ ನನ್ನ ಹತ್ತಿರ ಇದೆ, ಅದನ್ನ ಬರೆಯಲ್ಲ. ನಮ್ಮ ಬೆಂಚಿನವರಿಗೆ ಮಾತ್ರ ಗೊತ್ತು.

36 ನಿಮಿಷದಲ್ಲಿ ಪೂರ್ಣ ಪ್ರಶ್ನೆ ಬರೆಯೋದನ್ನ ನಿಜವಾದ ಸಾಮಾನಿನಲ್ಲೇ ಅಭ್ಯಾಸ ಮಾಡಿ. ಕಂಪನಾಂಕ ಬದಲಾದ ಹಾಗೆ ವ್ಯವಸ್ಥೆ ಹೇಗೆ ಬದಲಾಗುತ್ತೆ ಅಂತ ತೋರಿಸೋ ಗ್ರಾಫಾದ ಬೋಡೆ ಪ್ಲಾಟ್‌ಗೆ ಸೆಮಿ-ಲಾಗ್ ಹಾಳೆ ಬೇಕು, ಹಾಳೆಗೆ ಎರಡು ಮೂರು ರೂಪಾಯಿ, ಇಪ್ಪತ್ತು ತಂದಿಡಿ. ಬಿಳಿ ಹಾಳೆಯಲ್ಲಿ ಅಂದಾಜಿಗೆ ಎಳೆದು ಕಲಿತವರು ಪರೀಕ್ಷೆಯಲ್ಲಿ ಡೆಕೇಡ್ (ಹತ್ತು ಪಟ್ಟಿನ ಖಾನೆ) ಎಣಿಸೋದರಲ್ಲೇ ಐದಾರು ನಿಮಿಷ ಕಳೀತಾರೆ. ಅದು ಮೂರು ಅಂಕದ ಹೊತ್ತು.

ಹಾಜರಿಯೂ ಒಂದು ಖಾತೆಯೇ. ಮೂರು ಕ್ರೆಡಿಟ್ ವಿಷಯಕ್ಕೆ ಸುಮಾರು 40 ಗಂಟೆ ಪಾಠ, 85 ಪರ್ಸೆಂಟ್ ಬೇಕು, ಅಂದರೆ ತಪ್ಪಿಸಬಹುದಾದದ್ದು ಆರು. ಇದರಲ್ಲಿ ಎರಡು ಜ್ವರಕ್ಕೆ, ಎರಡು ಊರಿನ ಹಬ್ಬಕ್ಕೆ, ಎರಡು ಸಂಗೀತ ಪರೀಕ್ಷೆಗೆ ಅಂತ ಸೆಮ್ ಶುರುವಿನಲ್ಲೇ ತೆಗೆದಿಡಿ. ಬೆಳಗಿನ ಮೊದಲ ಪೀರಿಯಡ್ ಬಂಕ್ ಹೊಡೆದು ಆರನ್ನೂ ಮೊದಲ ತಿಂಗಳಲ್ಲೇ ಮುಗಿಸಿದವರು ಕೊನೆಗೆ ಮೆಡಿಕಲ್ ಸರ್ಟಿಫಿಕೇಟ್ ಹಿಡಿದು ಓಡಾಡ್ತಾರೆ.

ದುಡ್ಡು. ಐದು ಮನೆ ಶ್ರುತಿಯ (ಷಡ್ಜ ಪಾಶ್ಚಾತ್ಯ ಜಿ ಸ್ವರಕ್ಕೆ ಸೇರೋ) ಕೊಳಲು ಏಳೆಂಟು ನೂರು. ಅಗ್ಗದ್ದು ನೂರೈವತ್ತಕ್ಕೂ ಜಾತ್ರೆಯಲ್ಲಿ ಸಿಗುತ್ತೆ, ಶ್ರುತಿ ಸೇರಲ್ಲ, ಅದರಲ್ಲಿ ಕಲಿತರೆ ಕಿವಿಯೂ ಕೆಡುತ್ತೆ. ಮೇಷ್ಟ್ರ ಫೀಸು ತಿಂಗಳಿಗೆ ಎಂಟುನೂರರಿಂದ ಸಾವಿರ. ಹಾಳೆ, ಜೆರಾಕ್ಸ್, ಸೆಮಿ-ಲಾಗ್ ಎಲ್ಲ ಸೇರಿ ಸೆಮ್‌ಗೆ ಐದಾರುನೂರು. ಇದನ್ನ ಮನೆಯಿಂದ ಕೇಳಿದರೆ ಮೊದಲ ಬ್ಯಾಕಿಗೇ ಕೊಳಲು ನಿಲ್ಲುತ್ತೆ, ಆದ್ದರಿಂದ ಎಸ್‌ಎಸ್‌ಎಲ್‌ಸಿ ಹುಡುಗರಿಬ್ಬರಿಗೆ ಗಣಿತ ಟ್ಯೂಷನ್. ತಿಂಗಳಿಗೆ ಎರಡು ಸಾವಿರದ ಹತ್ತಿರ ಬರುತ್ತೆ, ವಾರಕ್ಕೆ ಎರಡು ‘ಪ್ರಶ್ನೆ’ ಹೋಗುತ್ತೆ. ಹುಡುಗರಿಗೆ ಹೇಳಿಕೊಡ್ತಾ ನನ್ನ ಬೀಜಗಣಿತದ ಸಣ್ಣ ತಪ್ಪುಗಳು ಕಮ್ಮಿಯಾದದ್ದು ಲಾಭ. ಪಾಠದಾಚೆಯ ಸಮಾಜಸೇವೆಯಂಥ ಕೆಲಸಕ್ಕೆ ಕೊಡೋ ಆ್ಯಕ್ಟಿವಿಟಿ ಪಾಯಿಂಟ್ಸ್ ನೂರು ಹೇಗೂ ಮಾಡಲೇಬೇಕು (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರೋ ಲ್ಯಾಟರಲ್ ಎಂಟ್ರಿಯವರಿಗೆ 75). ಅದನ್ನ ಕೊನೇ ವರ್ಷಕ್ಕೆ ಗುಡ್ಡೆ ಹಾಕದೆ ರಜೆಯಲ್ಲಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ತುಂಬಿಸಿದೆ. ನಲವತ್ತು ಮಕ್ಕಳ ಮುಂದೆ ನಿಂತು ಅಭ್ಯಾಸವಾದ ಮೇಲೆ ಡಿಪಾರ್ಟ್‌ಮೆಂಟ್ ಸೆಮಿನಾರಿನಲ್ಲಿ ಕಾಲು ನಡುಗಲ್ಲ. ವ್ಯಕ್ತಿತ್ವ ವಿಕಸನ ಅಂತ ಎರಡೂವರೆ ಸಾವಿರ ಕೊಟ್ಟು ವಾರಾಂತ್ಯದ ಕ್ಯಾಂಪಿಗೆ ಹೋಗಿ ಬಂದ ಗೆಳೆಯರಿದ್ದಾರೆ. ಅವರ ಪಿಪಿಟಿ ನನ್ನದಕ್ಕಿಂತ ಚೆಂದ, ಅಷ್ಟೇ.

ಬಿದಿರಿನ ಖರ್ಚು ಬೇರೆ. ಡಿಸೆಂಬರ್, ಜನವರಿಯ ಒಣಗಾಳಿಗೆ ಕೊಳಲು ಸೀಳುತ್ತೆ, ಅದೂ ಫ್ಯಾನ್ ಕೆಳಗೆ ಇಟ್ಟರೆ ಬೇಗ. ಎರಡು ಮೂರು ವಾರಕ್ಕೊಮ್ಮೆ ಒಳಗೆ ತೆಳುವಾಗಿ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ರಾತ್ರಿ ಮಲಗಿಸಿಡಿ. ಕೊಬ್ಬರಿ ಎಣ್ಣೆ ಚಳಿಗೆ ಒಳಗೇ ಗಟ್ಟಿಯಾಗುತ್ತೆ, ಸಾಸಿವೆ ಎಣ್ಣೆ ವಾಸನೆ ತುಟಿಗೆ ಹಿಡಿಯುತ್ತೆ. ನಾನು ಬಳಸೋ ಮಿಶ್ರಣ ಸದ್ಯ ನನ್ನಲ್ಲೇ ಇರಲಿ. ಕೂದಲೆಳೆಯ ಸೀಳಾದರೆ ಫೆವಿಕ್ವಿಕ್ ಒಂದು ಹನಿ ಇಳಿಸಿ, ಆರಿದ ಮೇಲೆ ಮೇಲಿಂದ ಹತ್ತಿ ದಾರ ಬಿಗಿಯಾಗಿ ಒತ್ತೊತ್ತಾಗಿ ಸುತ್ತಬೇಕು. ಸೀಳು ಊದುವ ರಂಧ್ರ ಮುಟ್ಟಿದ್ದರೆ ಆಸೆ ಬಿಡಿ. ಬದಲಿಗೆ ಪಿವಿಸಿ ಪೈಪಿನಲ್ಲಿ ಮಾಡಿ ನೋಡಿದೆ, ಪೈಪಿಗೆ ನೂರರೊಳಗೆ ಖರ್ಚು. ಸೀಳಲ್ಲ, ಮಳೆಗಾಲಕ್ಕೂ ಜಗ್ಗಲ್ಲ, ಆದರೆ ಗಮಕದಲ್ಲಿ ಸ್ವರ ಜಾರೋದು ಬೆರಳಿಗೆ ತಿಳಿಯಲ್ಲ. ಬಸ್ಸಿನಲ್ಲಿ ಬೆರಳಾಡಿಸೋಕೆ ಅದೇ ಇಟ್ಟುಕೊಂಡಿದ್ದೀನಿ.

ಕೊಳಲಿಂದ ಓದಿಗೆ ನೇರವಾಗಿ ಸಿಕ್ಕಿದ್ದೂ ಒಂದಿದೆ. ಚಳಿಯ ಬೆಳಿಗ್ಗೆ ಕೊಳಲಿನ ಶ್ರುತಿ ಇಳಿಯುತ್ತೆ, ತಂಬೂರಿಗೆ ಸೇರಲ್ಲ. ಹತ್ತು ಡಿಗ್ರಿ ವ್ಯತ್ಯಾಸಕ್ಕೆ ಲೆಕ್ಕದ ಪ್ರಕಾರ 30 ಸೆಂಟ್ಸ್ (ನೂರು ಸೆಂಟ್ಸ್ ಸೇರಿದರೆ ಒಂದು ಅರ್ಧಸ್ವರ) ಆಗಬೇಕು, ಉಸಿರಿನ ಬಿಸಿಯಿಂದ ನಿಜಕ್ಕೂ ಅದಕ್ಕಿಂತ ಕಡಿಮೆ, ಇಪ್ಪತ್ತರ ಹತ್ತಿರ. ಇದನ್ನ ಸಿಗ್ನಲ್ ಪ್ರೊಸೆಸಿಂಗ್ ಮಿನಿ ಪ್ರಾಜೆಕ್ಟ್ ಮಾಡಿದೆ. 44,100 ಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ ಕಂಪನಾಂಕಗಳನ್ನ ಬೇರ್ಪಡಿಸಿ ತೋರಿಸೋ 4096 ಬಿಂದುವಿನ ಎಫ್‌ಎಫ್‌ಟಿ ತೆಗೆದರೆ ಒಂದು ಬಿನ್ (ಕಂಪನಾಂಕದ ಖಾನೆ) ಅಗಲವೇ 10.8 ಹರ್ಟ್ಸ್. ನನ್ನ ಷಡ್ಜ 784ರ ಹತ್ತಿರ, ಅದರಲ್ಲಿ 20 ಸೆಂಟ್ಸ್ ಅಂದರೆ 9 ಹರ್ಟ್ಸ್, ಕಾಣೋದೇ ಇಲ್ಲ. 32,768 ಬಿಂದುವಿಗೆ ಏರಿಸಿದರೆ ಬಿನ್ 1.35 ಹರ್ಟ್ಸ್ ಆಗುತ್ತೆ, ಆಗ ಸ್ಪಷ್ಟ. ಆದರೆ ಮುಕ್ಕಾಲು ಸೆಕೆಂಡು ಒಂದೇ ಸ್ವರ ಅಲುಗಾಡದೆ ನಿಲ್ಲಬೇಕು, ಅದಕ್ಕೆ ದೀರ್ಘ ಸ್ವರದ ಅಭ್ಯಾಸವೇ ಬೇಕಾಯ್ತು. ವೈವಾದಲ್ಲಿ ರೆಸೊಲ್ಯೂಶನ್ ಬಗ್ಗೆ ಕೇಳಿದ್ದಕ್ಕೆ ಊದಿ ತೋರಿಸಿದೆ. ಇನ್ನೊಂದು ಪ್ರಯೋಗ, ಲಾಪ್ಲಾಸ್ ಅನ್ನೋ ಗಣಿತ ಸೂತ್ರಗಳ ಟೇಬಲನ್ನ ಆದಿತಾಳಕ್ಕೆ ಕೂರಿಸಿ ಬಸ್ಸಿನಲ್ಲಿ ಹೇಳಿಕೊಳ್ಳೋದು. ಟೇಬಲ್ ಬಾಯಿಗೆ ಬಂತು. ಡೆರಿವೇಶನ್‌ಗೆ ಅದು ನಡೆಯಲ್ಲ, ಹೆಜ್ಜೆ ಮರೆತರೂ ತಾಳ ಮುಂದೆ ಹೋಗಿಬಿಡುತ್ತೆ.

ನಿದ್ದೆ ಆರೂವರೆ ಗಂಟೆಗಿಂತ ಕೆಳಗಿಳಿಸಬೇಡಿ. ಓದಿಗಿಂತ ಮೊದಲು ಕೆಡೋದು ಉಸಿರು, ಹನ್ನೆರಡು ಸೆಕೆಂಡಿನ ಸ್ವರ ಏಳಕ್ಕೆ ಮುಗಿಯುತ್ತೆ. ನಾನು ಹಿಂದಿನ ರಾತ್ರಿಯ ಓದನ್ನ ಅಳೆಯೋದೇ ಹಾಗೆ.

ಎಕ್ಸ್‌ಟರ್ನಲ್ ಮುಗಿದ ದಿನವೇ ಎರಡು ಗಂಟೆ ಊದೋಕೆ ಕೂತರೆ ಒಳತುಟಿ ಬಾತುಕೊಳ್ಳುತ್ತೆ, ಮೂರು ದಿನ ದಂಡ. 12ರಿಂದ 24ಕ್ಕೆ ನಾಲ್ಕು ದಿನ, ಆಮೇಲೆ 36. ರಜೆಯಲ್ಲಿ ದಿನಕ್ಕೆ ಎರಡು ಸಲ 36 ಮಾಡಬಹುದು, ನಡುವೆ ಮೂರು ಗಂಟೆಯಾದರೂ ಬಿಟ್ಟು. ಈಗ ನಾನು ಅಲ್ಲೇ ಇದ್ದೀನಿ, ಸೀನಿಯರ್ ಪರೀಕ್ಷೆಯ ವರ್ಣಗಳನ್ನ ಎರಡನೇ ಕಾಲಕ್ಕೆ ತರ್ತಾ.