ವೆಬ್ ಪುಟದ ಕಸ ತೆಗೆದು ಎಐಗೆ ಬರೀ ಪಠ್ಯ ಕೊಡುವುದು ಹೇಗೆ?

ಕನ್ನಡದ ಯಾವುದಾದರೂ ಸುದ್ದಿ ಪುಟ ತೆರೆದು, ಪೂರ್ತಿ ಸೆಲೆಕ್ಟ್ ಮಾಡಿ, ಹಾಗೇ ಚಾಟ್‌ಬಾಟ್‌ಗೆ ಅಂಟಿಸಿ ‘ಸಾರಾಂಶ ಕೊಡು’ ಅಂತ ಕೇಳಿ ನೋಡಿ. ಲೇಖನದ ಜೊತೆಗೆ ಮೆನು, ಜಾಹೀರಾತು, ಕುಕಿ ಒಪ್ಪಿಗೆಯ ಸಾಲು, ಪಕ್ಕದ ಕಾಲಮ್ಮಿನ ರಾಶಿ ಭವಿಷ್ಯ ಎಲ್ಲವೂ ಹೋಗಿರುತ್ತವೆ. ಯಾವುದು ಲೇಖನ, ಯಾವುದು ಕಸ ಅನ್ನುವುದು ಚಾಟ್‌ಬಾಟ್‌ನ ಹಿಂದಿರುವ ಎಐ ಮಾಡೆಲ್‌ಗೆ ಪ್ರತಿ ಸಲ ಗೊತ್ತಾಗುವುದಿಲ್ಲ. ಒಂದೆರಡು ಪುಟ ಆದರೆ ಕೈಯಲ್ಲೇ ಅಳಿಸಬಹುದು. ಐವತ್ತು ಪುಟ ಇದ್ದರೆ, ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ಲೇ ಸರಿ.

ಟರ್ಮಿನಲ್ ಅಂದರೆ ಹೆದರಬೇಡಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು ಇದ್ದೇ ಇರುತ್ತದೆ. ವಿಂಡೋಸ್‌ನವರು, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ಉಬುಂಟು ಎಂಬ ಲಿನಕ್ಸ್ ಸಿಗುತ್ತದೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ನೀವು ಟೈಪ್ ಮಾಡಬೇಕಾದ್ದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಸ್ಪೆಲಿಂಗ್ ಅನುಮಾನ ಬಂದರೆ ಹೆಸರನ್ನು ಒಮ್ಮೆ ಸರ್ಚ್ ಮಾಡಿಕೊಳ್ಳಿ.

ಮೊದಲ ಹೆಜ್ಜೆ ಟ್ರಾಫಿಲಟೂರಾ. ಇದು ಭಾಷಾ ಸಂಶೋಧಕ ಆದ್ರಿಯಾನ್ ಬಾರ್ಬರೇಸಿ ಬರೆದ ಪೈಥಾನ್ ಸಾಧನ, ಉಚಿತ. ಪುಟದ ಒಳಗಿನ ಮುಖ್ಯ ಬರಹ ಯಾವುದು ಅಂತ ಅದೇ ಅಂದಾಜು ಮಾಡಿ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಹೊಸ ಉಬುಂಟುವಿನಲ್ಲಿ, ಪೈಥಾನ್ ಸಾಧನಗಳನ್ನು ಹಾಕಿಕೊಡುವ ಪಿಪ್ ಅನ್ನೇ ಬಳಸಿದರೆ ದೋಷದ ಸಂದೇಶ ಬರುತ್ತದೆ, ಹಾಗಾಗಿ ಪಿಪ್‌ಎಕ್ಸ್ ಬಳಸಿ:

ಪಿಪ್‌ಎಕ್ಸ್ ಇನ್‌ಸ್ಟಾಲ್ ಟ್ರಾಫಿಲಟೂರಾ

ಆಮೇಲೆ:

ಟ್ರಾಫಿಲಟೂರಾ -ಯು "ಪುಟದ ವಿಳಾಸ" --ಮಾರ್ಕ್‌ಡೌನ್ > ಲೇಖನ.ಟಿಎಕ್ಸ್‌ಟಿ

ಅಷ್ಟೇ. ಪ್ಯಾರಾ, ಉಪಶೀರ್ಷಿಕೆ ಎಲ್ಲ ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ರೂಪದಲ್ಲಿ ಆ ಫೈಲಿಗೆ ಬಂದಿರುತ್ತದೆ. ವಿಳಾಸದ ಎರಡೂ ಕಡೆ ಉದ್ಧರಣ ಚಿಹ್ನೆ ಮರೆಯಬೇಡಿ, ವಿಳಾಸದಲ್ಲಿ ‘&’ ಇದ್ದರೆ ಟರ್ಮಿನಲ್ ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ವಿಳಾಸವನ್ನು ಅರ್ಧಕ್ಕೇ ಕತ್ತರಿಸುತ್ತದೆ. ತುಂಬಾ ಪುಟಗಳಿದ್ದರೆ ವಿಳಾಸಗಳನ್ನು ಸಾಲಿಗೊಂದರಂತೆ ಒಂದು ಫೈಲಿನಲ್ಲಿ ಬರೆದು -ಐ ಅಂತ ಕೊಡಿ, -ಓ ಜೊತೆ ಫೋಲ್ಡರ್ ಹೆಸರು ಕೊಡಿ. ಒಂದೇ ಸೈಟಿಗೆ ಒಂದರ ಹಿಂದೊಂದು ಬಡಿಯದೆ ಅದು ನಡುವೆ ಬಿಡುವು ಕೊಡುತ್ತದೆ. ಆ ಬಿಡುವನ್ನು ದಯವಿಟ್ಟು ತೆಗೆಯಬೇಡಿ, ಸಣ್ಣ ಸಣ್ಣ ಕನ್ನಡ ಸೈಟುಗಳ ಸರ್ವರ್‌ಗೆ ಅಷ್ಟು ತಾಕತ್ತು ಇರುವುದಿಲ್ಲ.

ಈಗ ಫೈಲ್ ತೆರೆದು ಓದಿ. ಸುಮ್ನೆ ಮುಂದೆ ಹೋಗಬೇಡಿ. ಕನ್ನಡ ಸುದ್ದಿ ಪುಟಗಳಲ್ಲಿ ಒಂದು ಸಾಲು ಎಷ್ಟೋ ಸಲ ಉಳಿದಿರುತ್ತದೆ: ‘ಇದನ್ನೂ ಓದಿ’. ಅದು ಲೇಖನದ ಪ್ಯಾರಾಗಳ ನಡುವೆಯೇ ಇರುವುದರಿಂದ ಯಾವ ಸಾಧನಕ್ಕೂ ಸುಲಭವಾಗಿ ಸಿಕ್ಕುವುದಿಲ್ಲ. ಮಳೆ ಹಾನಿಯ ವರದಿಯ ಮಧ್ಯೆ ಸಿನಿಮಾ ನಟಿಯ ಮದುವೆ ಸುದ್ದಿಯ ಶೀರ್ಷಿಕೆ ಕೂತಿರುತ್ತದೆ, ಮಾಡೆಲ್ ಎರಡನ್ನೂ ಸೇರಿಸಿ ಸಾರಾಂಶ ಬರೆದುಬಿಡಬಹುದು. ಇದಕ್ಕೆ ಫೈಲಿನಲ್ಲಿ ಪದ ಹುಡುಕುವ ಹಳೆಯ ಗ್ರೆಪ್ ಸಾಕು:

ಗ್ರೆಪ್ -ವಿ "ಇದನ್ನೂ ಓದಿ" ಲೇಖನ.ಟಿಎಕ್ಸ್‌ಟಿ > ಶುದ್ಧ.ಟಿಎಕ್ಸ್‌ಟಿ

ಗ್ರೆಪ್‌ಗೆ ಕನ್ನಡ ಪದ ನೇರವಾಗಿ ಕೊಡಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆದರೆ -ವಿ ಕೊಟ್ಟಾಗ ಅದು ಆ ಪದ ಇರುವ ಇಡೀ ಸಾಲನ್ನೇ ತೆಗೆಯುತ್ತದೆ, ಅದೇ ಸಾಲಿನಲ್ಲಿ ನಿಜವಾದ ಪ್ಯಾರಾ ಇದ್ದರೆ ಅದೂ ಹೋಯಿತು. ಅದಕ್ಕೇ ಮೊದಲು -ವಿ ಇಲ್ಲದೆ ಓಡಿಸಿ, ಯಾವ ಯಾವ ಸಾಲು ಹೋಗುತ್ತವೆ ಅಂತ ಕಣ್ಣಾರೆ ನೋಡಿಕೊಳ್ಳಿ.

ಮುಂದಿನದು ಲಿಂಕ್‌ಗಳು. ಇಂಗ್ಲಿಷ್‌ನವರಿಗೆ ಇದು ಸಣ್ಣ ವಿಷಯ, ನಮಗೆ ದೊಡ್ಡದು. ‘ಕನ್ನಡ’ ಅನ್ನುವುದು ನೋಡಲು ಮೂರಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಒತ್ತು ತರುವ ಚಿಹ್ನೆ, ಮತ್ತೊಂದು ನ, ಡ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಅದೇ ಪದ ವೆಬ್ ವಿಳಾಸದೊಳಗೆ ಹೋದಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗುತ್ತದೆ, ಅಂದರೆ 45 ಅಕ್ಷರ! ಕನ್ನಡ ವಿಕಿಪೀಡಿಯಾದ ಪುಟದಲ್ಲಿ ಇಂಥ ಲಿಂಕ್ ಸಾಲಿಗೊಂದು ಇರುತ್ತವೆ. ಮಾಡೆಲ್‌ಗಳು ಪಠ್ಯವನ್ನು ಟೋಕನ್ ಅನ್ನುವ ಸಣ್ಣ ತುಣುಕುಗಳ ಲೆಕ್ಕದಲ್ಲಿ ಓದುತ್ತವೆ, ಬಳಕೆಗೆ ತಕ್ಕಂತೆ ದುಡ್ಡು ತೆಗೆದುಕೊಳ್ಳುವುದೂ ಆ ಲೆಕ್ಕದಲ್ಲೇ. ಕನ್ನಡಕ್ಕೆ ಮೊದಲೇ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ ಖರ್ಚಾಗುತ್ತದೆ, ಅದರ ಮೇಲೆ ಯಾರೂ ಓದದ ವಿಳಾಸಗಳಿಗೂ ಯಾಕೆ ಕೊಡಬೇಕು, ಅಲ್ವಾ?

ಟ್ರಾಫಿಲಟೂರಾ ತಾನಾಗಿಯೇ ಲಿಂಕ್ ಬಿಡುತ್ತದೆ, ಬೇಕೆಂದರೆ ಮಾತ್ರ --ಲಿಂಕ್ಸ್ ಅಂತ ಕೇಳಬೇಕು. ಅದು ಪುಟದ ಅರ್ಧ ಭಾಗವನ್ನೇ ಬಿಟ್ಟುಬಿಟ್ಟರೆ, ಹಾಗಾಗುವುದೂ ಉಂಟು, ಆಗ ಒಂದು ಬಗೆಯ ಫೈಲನ್ನು ಇನ್ನೊಂದಕ್ಕೆ ಬದಲಿಸುವ ಪ್ಯಾನ್‌ಡಾಕ್ ಹಿಡಿಯಿರಿ:

ಕರ್ಲ್ -ಎಸ್ಎಲ್ "ಪುಟದ ವಿಳಾಸ" | ಪ್ಯಾನ್‌ಡಾಕ್ -ಎಫ್ ಎಚ್‌ಟಿಎಂಎಲ್ -ಟಿ ಪ್ಲೇನ್ --ರ‍್ಯಾಪ್=ನನ್

ಕರ್ಲ್ ಪುಟವನ್ನು ಇಳಿಸಿಕೊಳ್ಳುತ್ತದೆ, ಅದಕ್ಕೆ ಕೊಡುವ ಎಲ್ ಮಾತ್ರ ದೊಡ್ಡಕ್ಷರ. ಪ್ಲೇನ್ ಅಂದರೆ ಲಿಂಕಿನ ಪದ ಉಳಿದು ವಿಳಾಸ ಹೋಗುತ್ತದೆ. ಕೊನೆಯ ಆಯ್ಕೆ ಬಿಟ್ಟರೆ ಪ್ಯಾನ್‌ಡಾಕ್ 72 ಕಾಲಮ್ಮಿಗೊಮ್ಮೆ ಸಾಲು ಮುರಿಯುತ್ತದೆ, ಆಮೇಲೆ ಗ್ರೆಪ್‌ನಿಂದ ಸಾಲು ತೆಗೆಯುವ ಕೆಲಸ ಕೆಡುತ್ತದೆ. ಮೆನು, ಪಕ್ಕದ ಕಾಲಮ್ ಎಲ್ಲ ಇಲ್ಲಿ ಉಳಿದಿರುತ್ತವೆ, ಅದನ್ನು ನೀವೇ ತೆಗೆಯಬೇಕು. 1992ರಷ್ಟು ಹಳೆಯ, ಎಲ್‌ವೈಎನ್‌ಎಕ್ಸ್ ಅಂತ ಬರೆಯುವ ಲಿಂಕ್ಸ್ ಬ್ರೌಸರ್ ಕೂಡ -ಡಂಪ್ -ನೋಲಿಸ್ಟ್ ಆಯ್ಕೆಗಳಿಂದ ಇದೇ ಕೆಲಸ ಮಾಡುತ್ತದೆ, ಕನ್ನಡ ಕೆಟ್ಟು ಬಂದರೆ ಅದಕ್ಕೆ ಯುಟಿಎಫ್-8 ಅಂತ ಬಿಡಿಸಿ ಹೇಳಿ.

ಎಷ್ಟು ಟೋಕನ್ ಆಯಿತು ಅಂತ ನೋಡಲು ಸೈಮನ್ ವಿಲಿಸನ್ ಬರೆದ ಟಿಟಾಕ್ ಇದೆ. ಕಸ ತೆಗೆಯುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಓಡಿಸಿ. ಪ್ರತಿ ಮಾಡೆಲ್‌ನ ಲೆಕ್ಕ ಬೇರೆ, ಆದರೂ ಎಷ್ಟು ಇಳಿಯಿತು ಅನ್ನುವ ಅಂದಾಜು ಸಿಗುತ್ತದೆ. ಮಾಡೆಲ್‌ಗಳನ್ನು ಟರ್ಮಿನಲ್‌ನಿಂದಲೇ ಬಳಸಲು ಅವರದೇ ಎಲ್‌ಎಲ್‌ಎಂ ಎಂಬ ಸಾಧನವಿದೆ, ಅದಕ್ಕೆ ಈ ಫೈಲನ್ನು ಪೈಪ್ ಮಾಡಿದರೆ, ಅಂದರೆ | ಚಿಹ್ನೆಯಿಂದ ದಾಟಿಸಿದರೆ, ಟರ್ಮಿನಲ್ ಬಿಟ್ಟು ಏಳದೆ ಸಾರಾಂಶ ಪಡೆಯಬಹುದು.

ಫೈಲ್ ಖಾಲಿ ಬಂತಾ? ಪುಟ ಜಾವಾಸ್ಕ್ರಿಪ್ಟ್‌ನಿಂದ ತುಂಬುವಂಥದ್ದಿರಬೇಕು. ಕ್ರೋಮಿಯಂ ಬ್ರೌಸರನ್ನು --ಹೆಡ್‌ಲೆಸ್ --ಡಂಪ್-ಡಾಮ್ ಮತ್ತು ಪುಟದ ವಿಳಾಸದ ಜೊತೆ ಓಡಿಸಿ, ಬಂದದ್ದನ್ನು ಪ್ಯಾನ್‌ಡಾಕ್‌ಗೆ ಕೊಡಿ.

ಕನ್ನಡದ ಜಾಗದಲ್ಲಿ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ ಬಂದರೆ ಸಾಧನದ ತಪ್ಪಲ್ಲ. ಅದು ಯೂನಿಕೋಡ್‌ಗಿಂತ ಮುಂಚಿನ ನುಡಿ ಅಥವಾ ಬರಹ ಫಾಂಟಿನ ಬರಹ. ಹಳೆಯ ಸೈಟುಗಳಲ್ಲಿ, ಸರ್ಕಾರಿ ಆದೇಶಗಳ ಪಿಡಿಎಫ್‌ಗಳಲ್ಲಿ ಈಗಲೂ ಧಾರಾಳ. ಇದನ್ನು ಹಾಗೇ ಮಾಡೆಲ್‌ಗೆ ಕೊಡಬೇಡಿ, ಅದು ಊಹೆ ಮಾಡಿ ಏನಾದರೂ ಉತ್ತರ ಕೊಟ್ಟುಬಿಡಬಹುದು. ಮೊದಲು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ. ಪಿಡಿಎಫ್ ಸ್ಕ್ಯಾನ್ ಮಾಡಿದ್ದಾದರೆ ಪಿಡಿಎಫ್‌ಟುಪಿಪಿಎಂನಿಂದ 300 ಡಿಪಿಐ ಚಿತ್ರ ಮಾಡಿ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್‌ಗೆ -ಎಲ್ ಕೆಎಎನ್ ಅಂತ ಕೊಟ್ಟು ಓದಿಸಿ, ಬಂದ ಪಠ್ಯದಲ್ಲಿ ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದ ಜೊತೆ ಹೋಲಿಸಿ ತಿದ್ದಿ.