ಇಳಿತದ ಹೊತ್ತಿಗೆ ಸಭೆ ಕರೆದವಳು

ಕಮ್ಯುನಿಕೇಶನ್ ಆಫೀಸರ್ ಅಂತ ಕೆಲಸ ಸಿಕ್ಕಿದೆ ಎಂದು ಮನೆಗೆ ಫೋನ್ ಮಾಡಿದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವರು ನಮ್ಮ ದೊಡ್ಡಪ್ಪ. ಮಾರನೆಯ ದಿನ ಅವರೇ ಫೋನ್ ಮಾಡಿದರು. "ತಂಗಿ, ನಮ್ಮ ಕೇರಿಗೊಂದು ಟವರ್ ಹಾಕ್ಸಲೆ ಆಗ್ತಾ ನೋಡು" ಅಂದರು. ಶಿರಸಿಯಿಂದ ಒಳಗೆ ಇರುವ ನಮ್ಮೂರಲ್ಲಿ ಫೋನಿನಲ್ಲಿ ಮಾತಾಡಬೇಕಾದರೆ ತೋಟ ದಾಟಿ, ಬೆಟ್ಟ ಹತ್ತಿ, ಒಂದು ಹಲಸಿನ ಮರದ ಬುಡದಲ್ಲಿ ನಿಲ್ಲಬೇಕು. ಅವರು ಆ ಫೋನ್ ಮಾಡಿದ್ದೂ ಅಲ್ಲಿಂದಲೇ. ನನ್ನ ಕೆಲಸ ಏನು ಅಂತ ಅವರಿಗೆ ಸರಿಯಾಗಿ ಹೇಳುವುದಕ್ಕೆ ಆಗಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೂ ಗೊತ್ತಿರಲಿಲ್ಲ.

2023ರಲ್ಲಿ ಧಾರವಾಡದಲ್ಲಿ ಪತ್ರಿಕೋದ್ಯಮದ ಎಂಎ ಮುಗಿಸಿದೆ. ಸೆಪ್ಟೆಂಬರ್‌ನಲ್ಲಿ ಕಾರವಾರದ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಹೆಸರು ಬೇಡ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಸುತ್ತ ಬಳಚು ಅನ್ನುವ ಚಿಪ್ಪಿನ ಜೀವಿಯನ್ನು ಕೆಸರಿನಿಂದ ತೆಗೆಯುವ ಹೆಂಗಸರು, ಮೀನು ಮಾರುವವರು, ಗಜನಿಯಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು, ಇವರ ಜೊತೆ ಕೆಲಸ ಮಾಡುವ ಸಂಸ್ಥೆ. ಅಘನಾಶಿನಿ ಹುಟ್ಟುವುದು ನಮ್ಮ ಶಿರಸಿ ಕಡೆ. ಆ ನದಿ ಸಮುದ್ರ ಸೇರುವ ಜಾಗವನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲೇ ಇಲ್ಲ.

ಸಂದರ್ಶನಕ್ಕೆ ಧಾರವಾಡದಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬಂದಿದ್ದೆ. ಚೀಲದಲ್ಲಿ ತೊಂಬತ್ತು ಪುಟದ ಪ್ರಬಂಧ, ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದು. ಅದನ್ನು ಯಾರೂ ತೆರೆಯಲಿಲ್ಲ. ಮೂರು ಜನ ಕೂತಿದ್ದರು. ಒಬ್ಬರು ಕೇಳಿದರು, "ಅಳಿವೆ ಬದಿಯ ಒಂದು ಊರಲ್ಲಿ ಅರವತ್ತು ಹೆಂಗಸರನ್ನ ಸಭೆಗೆ ಕರೀಬೇಕು. ಹೇಗೆ ಕರೀತೀರಿ?" ನಾನು ಪೋಸ್ಟರ್ ಅಂದೆ, ಸೋಶಿಯಲ್ ಮೀಡಿಯಾ ಅಂದೆ, ಒಂದು ಹ್ಯಾಶ್‌ಟ್ಯಾಗ್ ಕೂಡ ಅಲ್ಲೇ ಹುಟ್ಟಿಸಿದೆ. ಮೂಲೆಯಲ್ಲಿದ್ದ ಹಿರಿಯ ಮೇಡಂ ಕೇಳಿದರು, "ಮೊದಲು ಅವರಿಗೆ ಏನು ಕೇಳ್ಬೇಕು, ಗೊತ್ತುಂಟಾ?" ನಾನು ಸುಮ್ಮನಾದೆ. ಅವರೂ ಉತ್ತರ ಹೇಳಲಿಲ್ಲ. "ಅಡ್ಡಿಲ್ಲ, ಬಂದ್ಮೇಲೆ ಗೊತ್ತಾಗ್ತದೆ" ಅಂದರು. ಆಮೇಲೆ ಒಂದು ಹಾಳೆ ಕೊಟ್ಟು, ಒಂದು ಕಾರ್ಯಕ್ರಮದ ಬಗ್ಗೆ ಐದು ಸಾಲಿನಲ್ಲಿ ಸುದ್ದಿ ಬರೆಯಿರಿ ಅಂದರು. ಬರೆದೆ. ಕೆಲಸ ಸಿಕ್ಕಿದ್ದು ಆ ಐದು ಸಾಲಿಗೆ ಅಂತ ಆಮೇಲೆ ತಿಳಿಯಿತು.

ಐದು ಸಾಲು ಬರೆದವಳು ಕೆಲಸಕ್ಕೆ ಸೇರಿದ ಮೇಲೆ ಎರಡು ಪುಟ ಬರೆಯತೊಡಗಿದೆ. ನನ್ನ ಮೊದಲ ಪತ್ರಿಕಾ ಪ್ರಕಟಣೆ ಕಗ್ಗ ಭತ್ತದ ಬೀಜ ಹಂಚುವ ಕಾರ್ಯಕ್ರಮದ್ದು. "ಇಂದಿನ ಬದಲಾಗುತ್ತಿರುವ ಹವಾಮಾನದ ಸಂದರ್ಭದಲ್ಲಿ" ಅಂತ ಶುರುವಾಗುತ್ತಿತ್ತು. ಉಪ್ಪು ನೀರು ತಡೆದುಕೊಳ್ಳುವ ಭತ್ತದ ಇತಿಹಾಸ ಇತ್ತು, ಮಾಣಿಕಟ್ಟಾ ಗಜನಿಯ ವರ್ಣನೆ ಇತ್ತು. ಎಲ್ಲಿ, ಯಾವತ್ತು, ಎಷ್ಟು ಗಂಟೆಗೆ ಅನ್ನುವುದು ಕೊನೆಯ ಪ್ಯಾರಾದಲ್ಲಿತ್ತು. ಮಾರನೆಯ ದಿನ ಜಿಲ್ಲಾ ಪುಟದ ಕೆಳಗೆ ನಾಲ್ಕು ಸಾಲು ಬಂತು. ಹವಾಮಾನ ಉಳಿದಿತ್ತು. ಜಾಗ, ದಿನ, ಹೊತ್ತು ಮೂರೂ ಹೋಗಿದ್ದವು. ಪುಟ ಕಟ್ಟುವವರು ಜಾಗ ಸಾಲದಿದ್ದರೆ ಸುದ್ದಿಯನ್ನು ಬುಡದಿಂದ ಕತ್ತರಿಸುತ್ತಾರೆ. ಇದಕ್ಕೇ ಮುಖ್ಯ ವಿಷಯ ಮೇಲಿರಬೇಕು, ತಲೆಕೆಳಗಾದ ಪಿರಮಿಡ್ಡಿನ ಹಾಗೆ. ಈ ಪಿರಮಿಡ್ಡಿನ ಮೇಲೆ ನಾನು ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಉತ್ತರ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು.

ಆವತ್ತು ಸಂಜೆ ರೂಮಿನಲ್ಲಿ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಎರಡು ವರ್ಷ ನಾನು ಬರೆದದ್ದೆಲ್ಲ ಓದಲೇಬೇಕಾದ ಒಬ್ಬರಿಗೆ. ಮೇಷ್ಟ್ರು ಸಂಬಳ ತಗೊಂಡು ಓದುತ್ತಾರೆ. ಪುಟ ಜಾಸ್ತಿಯಾದರೆ ಶ್ರಮಪಟ್ಟಿದ್ದಾಳೆ ಅಂದುಕೊಳ್ಳುತ್ತಾರೆ. ಈಗ ನಾನು ಬರೆದದ್ದನ್ನು ಓದಬೇಕಾದ ದರ್ದು ಯಾರಿಗೂ ಇಲ್ಲ. ವರದಿಗಾರರ ವಾಟ್ಸಾಪ್‌ನಲ್ಲಿ ಆ ದಿನ ಬಂದ ಹತ್ತಾರು ಪ್ರಕಟಣೆಗಳಲ್ಲಿ ನನ್ನದೂ ಒಂದು, ಅಷ್ಟೇ.

ತಾಂತ್ರಿಕ ಪಾಡು ಬೇರೆ. ನಾನು ಚೆಂದವಾಗಿ ಪಿಡಿಎಫ್ ಮಾಡಿ, ಮೇಲೆ ಲೋಗೋ ಹಾಕಿ ಕಳಿಸುತ್ತಿದ್ದೆ. ಒಬ್ಬ ವರದಿಗಾರರು ಫೋನ್ ಮಾಡಿ, "ಮೇಡಂ, ಪಿಡಿಎಫ್ ನೋಡಿ ನಾನು ಮತ್ತೆ ಟೈಪ್ ಮಾಡ್ಬೇಕಾ?" ಅಂದರು. ಕೆಲವರಿಗೆ ನುಡಿ ತಂತ್ರಾಂಶದ ಅಕ್ಷರದಲ್ಲಿ ಬೇಕು, ಕೆಲವರಿಗೆ ಯೂನಿಕೋಡ್ ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು ಎಲ್ಲೋ ಹಾರಿಹೋಗುತ್ತದೆ, ಒತ್ತಕ್ಷರ ಪಕ್ಕದ ಮನೆಗೆ ಹೋಗಿ ಕೂರುತ್ತದೆ. ಈಗ ನನ್ನ ಹತ್ತಿರ ಒಂದು ಪಟ್ಟಿ ಇದೆ. ಯಾರಿಗೆ ಯಾವುದು ಬೇಕು, ಫೋಟೋ ವಾಟ್ಸಾಪ್‌ನಲ್ಲಾ ಮೇಲ್‌ನಲ್ಲಾ, ಎಷ್ಟು ಗಂಟೆಯೊಳಗೆ. ನಾಲ್ಕರೊಳಗೆ ಕಳಿಸಿದರೆ ನಾಳೆ ಬರುವ ಸಾಧ್ಯತೆ ಉಂಟು. ಆರಾದ ಮೇಲೆ ಕಳಿಸಿದ್ದು ದೇವರಿಗೆ ಬಿಟ್ಟದ್ದು. ಹಾಸ್ಟೆಲ್‌ನಲ್ಲಿದ್ದಾಗ ಅಸೈನ್‌ಮೆಂಟಿಗೆ ಎರಡು ದಿನ ಹೆಚ್ಚಿಗೆ ಕೇಳಿದ ನೆನಪು ಬಂದರೆ ನಗು ಬರುತ್ತದೆ.

ಇನ್ನು ಆ ಸಭೆಯ ಕಥೆ. ಸೇರಿ ಎರಡು ತಿಂಗಳಾಗಿತ್ತು. ಅಳಿವೆ ಬದಿಯ ಊರಲ್ಲಿ ಸ್ವಸಹಾಯ ಸಂಘದ ಹೆಂಗಸರ ಸಭೆ. ಸಂದರ್ಶನದ ಪ್ರಶ್ನೆಯೇ ಎದುರಿಗೆ ಬಂದಿತ್ತು. ಈ ಸಲ ಬಿಡಬಾರದು ಅಂತ ಎಲ್ಲ ಮಾಡಿದೆ. ದೊಡ್ಡ ಅಕ್ಷರದ ಪೋಸ್ಟರ್, ವಾಟ್ಸಾಪ್ ಸಂದೇಶ, ಪ್ರತಿ ಸಂಘದ ಅಧ್ಯಕ್ಷೆಗೆ ಫೋನ್. ಹಿಂದಿನ ದಿನ ಮತ್ತೊಮ್ಮೆ ನೆನಪಿಸಿದೆ. ಎಲ್ಲರೂ "ಹೌದು ಹೌದು" ಅಂದರು. ಬೆಳಿಗ್ಗೆ 11ಕ್ಕೆ ಸಭೆ. ಬಂದವರು ಏಳು ಜನ. ಅದರಲ್ಲಿ ಇಬ್ಬರು ತೀರಾ ವಯಸ್ಸಾದವರು, ಒಬ್ಬರಿಗೆ ಜ್ವರ.

ಸಭಾಭವನದ ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ನಾನು ಕರೆದವರೆಲ್ಲ ಅಲ್ಲಿದ್ದರು. ಸೊಂಟದ ಮಟ್ಟದ ನೀರಿನಲ್ಲಿ, ಬಗ್ಗಿ, ಕೈಯಿಂದ ಕೆಸರು ತಡಕುತ್ತಾ. ಮೂರು ಗಂಟೆ ಹೊತ್ತಿಗೆ ಒಬ್ಬರು ಬಳಚು ತುಂಬಿದ ಬುಟ್ಟಿ ಹೊತ್ತು ಮೇಲೆ ಬಂದರು. ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. "ತಂಗಿ, ಇಳ್ತದ ಹೊತ್ತಿಗೆ ಮೀಟಿಂಗ್ ಇಟ್ರೆ ಯಾರ್ ಬರ್ತಾರೆ?" ಅಂದರು. ಮತ್ತೆ ಫೋನಿನಲ್ಲಿ ಹೌದು ಅಂದದ್ದು ಯಾಕೆ ಅಂತ ಕೇಳಿದೆ. "ನೀನು ಬರ್ತ್ರಾ ಅಂತ ಕೇಳ್ದೆ. ಯಾವಾಗ ಬಂದ್ರೆ ಆಗ್ತದೆ ಅಂತ ಕೇಳ್ಲಿಲ್ಲ."

ಮೇಡಂ ಹೇಳದೆ ಬಿಟ್ಟ ಉತ್ತರ ಅದು.

ಬೆಟ್ಟದ ಹುಡುಗಿ ನಾನು. ಸಮುದ್ರಕ್ಕೆ ಗಡಿಯಾರ ಇದೆ ಅಂತ ಪುಸ್ತಕದಲ್ಲಿ ಓದಿದ್ದೆ, ಅದು ಜನರ ಹೊಟ್ಟೆಪಾಡಿನ ಗಡಿಯಾರ ಅಂತ ತಲೆಗೆ ಹೋಗಿರಲಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ವಾರ ಸರಿಯಾದ ಹೊತ್ತು ಮುಂದಿನ ವಾರ ತಪ್ಪು. ಅವರು ಅದನ್ನು ತಿಥಿಯಲ್ಲಿ ಲೆಕ್ಕ ಹಾಕುತ್ತಾರೆ. ನಾನು ಸಭೆ ಇಟ್ಟದ್ದು ನವಮಿ ದಿನ, ಇಳಿತ ನಡುಮಧ್ಯಾಹ್ನಕ್ಕೆ ಬೀಳುವ ದಿನ. "ಅಮಾಸೆ ದಿನ ಮಧ್ಯಾಹ್ನ ಇಡಿ, ಆಗ ಭರತ, ನಾವೆಲ್ಲ ಮನೇಲಿರ್ತೇವೆ" ಅಂದರು. ಅಮಾವಾಸ್ಯೆಗೆ ಸಭೆ ಅಂದಾಗ ಕಚೇರಿಯಲ್ಲಿ ಇಬ್ಬರು ಮುಖ ಕಿವುಚಿದರು. ಆಯಿಗೆ ಫೋನಿನಲ್ಲಿ ಹೇಳಿದರೆ ಅವಳೂ ಬೇಡ ಅಂದಳು. ಮೇಡಂ ಮಾತ್ರ ನಕ್ಕು ಸಹಿ ಹಾಕಿದರು. ಆ ಅಮಾವಾಸ್ಯೆಗೆ ನಲವತ್ತಮೂರು ಜನ ಬಂದರು. ಪೋಸ್ಟರ್ ಮಾಡಿಸಿರಲಿಲ್ಲ. ಅಂದಿನಿಂದ ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ಪಕ್ಕ ಒಂದು ಪಂಚಾಂಗ ಇದೆ. ಬಂದವರೆಲ್ಲ ಜ್ಯೋತಿಷ್ಯ ಕೇಳುತ್ತಾರೆ.

2024ರ ಜನವರಿ 31ರಂದು ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಜೊತೆಗೇ ಸೇರಿದ್ದವು. ನಾನು ಹುರುಪಿನಿಂದ ಬರೆದೆ. "ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, 4,801 ಹೆಕ್ಟೇರ್." ಆ ವಾರದ ಸಭೆಯಲ್ಲಿ ಅದನ್ನು ಓದಿ ಹೇಳಿದೆ ಕೂಡ. ಹಿಂದೆ ಕೂತ ಒಬ್ಬರು ಕೈ ಎತ್ತಿದರು. "ಯಾರು ಆ ರಾಮ್ ಸರ್? ಯಾವ ಇಲಾಖೆಯವ್ರು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವರು ನಗುತ್ತಿರಲಿಲ್ಲ. ಹೊಸ ಸಾಹೇಬರು ಬಂದು ಹೊಳೆಗೆ ಬೇಲಿ ಹಾಕುತ್ತಾರೋ ಅನ್ನುವ ಹೆದರಿಕೆ ಅದು. ರಾಮ್ಸರ್ ಅಂದರೆ ಇರಾನಿನ ಒಂದು ಊರು, 1971ರಲ್ಲಿ ಅಲ್ಲಿ ಒಪ್ಪಂದ ಆಯಿತು ಅಂತ ಹೇಳಿದೆ. ಅದು ಅವರಿಗೆ ಬೇಕಿರಲಿಲ್ಲ. ಬಳಚು ತೆಗೀಬಹುದಾ, ಬಾರದಾ? ಅದೊಂದೇ ಪ್ರಶ್ನೆ. ರಾತ್ರಿ ಕೂತು ಮತ್ತೆ ಬರೆದೆ. ಮೊದಲ ಸಾಲು: "ರಾಮ್ಸರ್ ಪಟ್ಟಿಗೆ ಸೇರಿದ ಮಾತ್ರಕ್ಕೆ ಬಳಚು ತೆಗೆಯುವುದು ನಿಲ್ಲುವುದಿಲ್ಲ." ಎರಡನೆಯದು: ಆ ಒಪ್ಪಂದ ಮಾತಾಡುವುದೇ ವಿವೇಕದಿಂದ ಬಳಸುವುದರ ಬಗ್ಗೆ. ಹೆಕ್ಟೇರ್ ತೆಗೆದು ಸುಮಾರು 12 ಸಾವಿರ ಎಕರೆ ಅಂತ ಹಾಕಿದೆ. ಜೌಗು ಪ್ರದೇಶ ಅನ್ನುವುದನ್ನೂ ತೆಗೆದೆ. ಅವರಿಗೆ ಅದು ಹೊಳೆ, ಅಳಿವೆ, ಗಜನಿ. ಆ ಶಬ್ದ ಸರಕಾರದ ಕಡತಕ್ಕೆ ಇರಲಿ.

ಬೈಗುಳ ತಿಂದ ಒಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಒಂದು ಫೋಟೋ ಅಡಿಬರಹದಲ್ಲಿ ಒಬ್ಬರ ಅಡ್ಡಹೆಸರು ಹರಿಕಂತ್ರ ಅಂತ ಇರಬೇಕಾದದ್ದು ಹರಿಕಾಂತ ಆಯಿತು. ಎಡದಿಂದ ಮೂರನೆಯವರ ಹೆಸರು ಬಿಟ್ಟೇಹೋಯಿತು. ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಮೂರನೆಯವರ ಮಗ. "ಅಮ್ಮ ಪೇಪರ್ ಕಟ್ ಮಾಡಿ ಇಟ್ಕೊಳ್ಳೋಕೆ ಅಂತ ನಾಲ್ಕು ಪ್ರತಿ ತರ್ಸಿದ್ಳು" ಅಂದ. ಅವನು ಬೈದಿದ್ದರೆ ಅಷ್ಟು ಬೇಸರ ಆಗುತ್ತಿರಲಿಲ್ಲ. ಬೈದದ್ದು ಆಮೇಲೆ, ಕಚೇರಿಯಲ್ಲಿ. ಮಾರನೆಯ ದಿನ ಅವರ ಮನೆಗೆ ಹೋಗಿ ಬಂದೆ. ಚಹಾ ಕೊಟ್ಟರು, ಬಿಸಿಬಿಸಿ ಮೀನು ಹುರಿದು ಕೊಡುತ್ತೇನೆ ಅಂದರು. ನಾವು ಮೀನು ತಿನ್ನುವುದಿಲ್ಲ ಅಂತ ಹೇಳುವಾಗ ಮತ್ತೊಮ್ಮೆ ತಪ್ಪು ಮಾಡಿದ ಹಾಗೆ ಅನ್ನಿಸಿತು. ಈಗ ಫೋಟೋ ತೆಗೆದ ಕೂಡಲೇ, ಜನ ಚದುರುವ ಮೊದಲು, ನೋಟ್‌ಬುಕ್ ಹಿಡಿದು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತೇನೆ. ಅವರವರ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆಯುತ್ತೇನೆ.

ಮಾತಿನ ಸಮಸ್ಯೆ ಕಾರವಾರದಲ್ಲಿ ಇನ್ನೂ ಜಾಸ್ತಿ. ಇಲ್ಲಿ ಪೇಟೆಯಲ್ಲಿ, ಬಂದರಿನಲ್ಲಿ, ನಾನಿರುವ ಮನೆಯಲ್ಲಿ ಎಲ್ಲ ಕೊಂಕಣಿ. ಕನ್ನಡದಲ್ಲಿ ಬರೆದ ಸಂದೇಶ ನೋಡುತ್ತಾರೆ, ತಲೆಯಾಡಿಸುತ್ತಾರೆ, ಮುಂದೆ ಹೋಗುತ್ತಾರೆ. ಅದಕ್ಕೆ ಧ್ವನಿ ಸಂದೇಶ ಶುರು ಮಾಡಿದೆವು. ಕುಮಟಾ ಕಡೆಗೆ ಕನ್ನಡದಲ್ಲಿ ನಾನೇ ಹೇಳುತ್ತೇನೆ. ಕಾರವಾರದ್ದಕ್ಕೆ ನಾನು ಬರೆದದ್ದನ್ನು ಮನೆಯ ಯಜಮಾನಿ ಬಾಯಿ ಕೊಂಕಣಿಯಲ್ಲಿ ಹೇಳುತ್ತಾರೆ. ಅವರು ನನ್ನ ಮೂರು ವಾಕ್ಯವನ್ನು ಒಂದು ಮಾಡುತ್ತಾರೆ. ಮೊದಮೊದಲು ಅರ್ಥ ಬಿಟ್ಟುಹೋಯಿತೇನೋ ಅಂತ ಗಾಬರಿಯಾಗುತ್ತಿತ್ತು. ಕೇಳಿದರೆ ಏನೂ ಬಿಟ್ಟಿರುತ್ತಿರಲಿಲ್ಲ. ಬಿಟ್ಟದ್ದು ನನ್ನ "ಈ ಮೂಲಕ ತಿಳಿಸುವುದೇನೆಂದರೆ" ಮಾತ್ರ.

ಅದೇ ವರ್ಷದ ಮಳೆಗಾಲದಲ್ಲಿ ಕಳಿಸದೇ ಇರುವುದನ್ನೂ ಕಲಿಯಬೇಕಾಯಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಬಂದ್ ಆಯಿತು. ನಮ್ಮ ಗುಂಪುಗಳಲ್ಲಿ ಎಲ್ಲೆಲ್ಲಿಯದೋ ಹಳೆಯ ವಿಡಿಯೋಗಳು ಬರತೊಡಗಿದವು. ಹೊಸ ಹೊಸ ಸಂಖ್ಯೆಗಳೂ ಬಂದವು. ಏನಾದರೂ ಹಾಕಬೇಕು ಅಂತ ಕೈ ತುರಿಸುತ್ತಿತ್ತು. ಮೇಡಂ ಒಂದೇ ಮಾತು ಹೇಳಿದರು. ಜಿಲ್ಲಾಡಳಿತ ಹೇಳಿದ್ದನ್ನು ಬಿಟ್ಟು ಒಂದಕ್ಷರ ಹೋಗಬಾರದು. ಆ ದಿನ ನಾವು ಕಳಿಸಿದ್ದು ಒಂದೇ ಸಂದೇಶ, ರಸ್ತೆ ಬಂದ್, ಅತ್ತ ಹೊರಡಬೇಡಿ ಅಂತ. ಮೂರು ದಿನ ಮೀನು ಮಾರುವ ಹೆಂಗಸರು ಫೋನ್ ಮಾಡಿ ಕೇಳುತ್ತಿದ್ದದ್ದು, "ನೀವು ಹಾಕಿಲ್ಲ, ಹಾಗಾದ್ರೆ ಇದು ಸುಳ್ಳಾ?"

ಧಾರವಾಡದ್ದು ಏನೂ ಉಪಯೋಗಕ್ಕೆ ಬರಲಿಲ್ಲ ಅಂತಲ್ಲ. ವೇಗವಾಗಿ ಕನ್ನಡ ಟೈಪ್ ಮಾಡುವುದು ಅಲ್ಲಿ ಬಂತು. ಪ್ರಬಂಧಕ್ಕಾಗಿ ಹಳ್ಳಿ ಹಳ್ಳಿ ತಿರುಗಿ ಜನರ ಜೊತೆ ಮಾತಾಡಿದ ಅಭ್ಯಾಸ ಈಗಲೂ ಕಾಯುತ್ತಿದೆ. ತೊಂಬತ್ತು ಪುಟದಲ್ಲಿ ನಾನು ಈಗಲೂ ತೆರೆಯುವುದು ಕೊನೆಯ ಪ್ರಶ್ನಾವಳಿ ಮಾತ್ರ. ಗೆಳತಿಯರು ಫೋನ್ ಮಾಡಿ, ಮೊದಲ ಕೆಲಸಕ್ಕೆ ಏನು ತಯಾರಿ ಮಾಡ್ಲಿ ಅಂತ ಕೇಳುತ್ತಾರೆ. ಸಾಫ್ಟ್‌ವೇರ್‌ಗಳ ಹೆಸರು ಹೇಳಲಿ ಅಂತ ಅವರ ಆಸೆ. ನಾನು ನಿನ್ನ ಅಜ್ಜಿಗೆ ನಿನ್ನ ಪ್ರಬಂಧವನ್ನು ಎರಡು ನಿಮಿಷದಲ್ಲಿ ಹೇಳು ನೋಡೋಣ ಅನ್ನುತ್ತೇನೆ. ಸಿಟ್ಟಾಗುತ್ತಾರೆ.

ಮೊನ್ನೆ ಮುಂದಿನ ಸಭೆಗೆ ಧ್ವನಿ ಸಂದೇಶ ಕಳಿಸಿದೆ. ತಿಥಿ ನೋಡಿದ್ದೆ, ಹೊತ್ತು ಕೇಳಿದ್ದೆ, ಜಾಗ ಮೊದಲ ವಾಕ್ಯದಲ್ಲೇ ಇತ್ತು. ಒಂದು ನಿಮಿಷ ನಲವತ್ತು ಸೆಕೆಂಡ್. ಹತ್ತು ನಿಮಿಷಕ್ಕೆ ಅದೇ ಬುಟ್ಟಿಯ ಹೆಂಗಸಿನ ಉತ್ತರ ಬಂತು, ಹಿಂದೆ ಬಳಚು ತೊಳೆಯುವ ಕಟಕಟ ಸದ್ದು.

"ತಂಗಿ, ಉದ್ದ ಆಯ್ತು. ಕೈ ಎಲ್ಲ ಕೆಸರು, ಅರ್ಧ ಕೇಳೂದ್ರೊಳಗೆ ಫೋನ್ ಜಾರಿ ನೀರಿಗೆ ಬೀಳ್ತಿತ್ತು. ಇನ್ನೊಂದ್ಸಲ ಸಣ್ಣಕ್ಕೆ ಹೇಳು."

ಮೂವತ್ತೈದು ಸೆಕೆಂಡಿಗೆ ಇಳಿಸಿ ಮತ್ತೆ ಕಳಿಸಿದೆ.